ಬಿಡುಗಡೆಯಾದವರು ಯಾರು?

ನಾನು ಅನುಮಾನದ ಮನುಷ್ಯ. ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ. ಬ್ಯಾಂಕಿನಲ್ಲಿ ನೌಕರಿ ಮಾಡಿದಷ್ಟೂ ಕಾಲ ನನ್ನ ಕೆಲಸ ಬೇರೆಯವರ ಸಹಿಗಳನ್ನು ದಿಟ್ಟಿಸಿ ನೋಡುವುದಾಗಿತ್ತು. ನಿವೃತ್ತನಾಗಿ ನಮ್ಮೂರಾದ ರೋಣದ ಮನೆಯಲ್ಲಿ ಕೂತ ಮೇಲೆ ಸಹಿಗಳು ಹೋದವು, ದಿಟ್ಟಿಸುವ ಕಣ್ಣು ಉಳಿಯಿತು. ಈಗ ತರಕಾರಿಯವಳು ಕೊತ್ತಂಬರಿ ಪುಕ್ಕಟೆ ಕೊಟ್ಟರೆ ಬದನೆಕಾಯಿಗಳನ್ನು ಒಂದೊಂದಾಗಿ ಹೊರಳಿಸಿ ನೋಡುತ್ತೇನೆ. ಬಸ್ಸು ಹೇಳಿದ ವೇಳೆಗೆ ಬಂದರೆ, ಇದು ಹಿಂದಿನ ಬಸ್ಸೇ ತಡವಾಗಿ ಬಂದದ್ದಿರಬೇಕು ಎಂದು ಹತ್ತಲು ಅಳುಕುತ್ತೇನೆ. ನನ್ನ ಹೆಂಡತಿ ಸುಶೀಲಾ, "ನಿಮ್ಮ ಜೋಡಿ ಸಂತಿಗೆ ಹೋಗೂದಂದ್ರ ತಪಾಸಣಿಗೆ ಹೋದಂಗ ಆಗತೈತಿ" ಎನ್ನುತ್ತಾಳೆ. ಅವಳು ಎಲ್ಲರನ್ನೂ ನಂಬುತ್ತಾಳೆ. ಹೀಗಾಗಿ ನಮ್ಮ ಮನೆಯಲ್ಲಿ ಎಲ್ಲವೂ ಸರಾಸರಿಗೆ ಬಂದು ನಿಲ್ಲುತ್ತದೆ.

ಆದರೆ ಅನುಮಾನವನ್ನು ಅಷ್ಟು ಹಗುರಾಗಿ ಕಾಣಬಾರದು. ನಮ್ಮ ಹಳೆಯ ತರ್ಕಶಾಸ್ತ್ರದಲ್ಲಿ ಅನುಮಾನವೆಂದರೆ ಶಂಕೆಯಲ್ಲ, ಜ್ಞಾನದ ಒಂದು ದಾರಿ. ಪ್ರತ್ಯಕ್ಷದ ಪಕ್ಕದಲ್ಲೇ ಮಣೆ ಹಾಕಿಸಿಕೊಂಡು ಕೂತ ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ತಿಳಿಯುವುದು ಅನುಮಾನ. ಸಂಸ್ಕೃತದಲ್ಲಿ ಅಷ್ಟು ಮಾನದಿಂದಿದ್ದ ಪದ ಕನ್ನಡಕ್ಕೆ ಬರುವಷ್ಟರಲ್ಲಿ ಹೇಗೆ ಕೆಟ್ಟಿತೋ ಗೊತ್ತಿಲ್ಲ. ಯಾರೋ ನರಗುಂದದ ಗುಡ್ಡದ ಮೇಲೆ ಹೊಗೆ ಕಂಡು ಬೆಂಕಿಯಿದೆ ಎಂದು ಏದುಸಿರು ಬಿಡುತ್ತ ಹತ್ತಿರಬೇಕು. ಮೇಲೆ ನೋಡಿದರೆ ಕುರಿಗಳೆಬ್ಬಿಸಿದ ಧೂಳು. ಇಳಿಯುವಾಗ ಆ ಪದದ ಅರ್ಥ ಬದಲಾಗಿರಬೇಕು.

ಇಂಥ ನನ್ನ ಮನೆಯ ಪಡಸಾಲೆಯಲ್ಲೇ ಆ ಸಂತೋಷಕೂಟದ ಮಸಲತ್ತು ನಡೆಯಿತು.

ನಮ್ಮ ಪಕ್ಕದ ಮನೆಯಲ್ಲಿ ಭಾರತಿ ಎಂಬ ಶಿಕ್ಷಕಿ ಇದ್ದಾಳೆ. ನರಗುಂದದ ಹಾದಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ದಿನಾ ಬಸ್ಸಿನಲ್ಲಿ ಹೋಗಿ ಬಂದು, ಸಂಜೆ ದೀಪ ಹಚ್ಚಿದ ಮೇಲೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಏನೋ ಬರೆಯುತ್ತ ಕೂರುತ್ತಾಳೆ. ಏನು ಬರೆಯುತ್ತಾಳೆ ಎಂಬುದು ನನ್ನನ್ನು ವರ್ಷಗಟ್ಟಲೆ ಕಾಡಿದ ಪ್ರಶ್ನೆ. ಕಾದಂಬರಿ ಬರೆಯುವವರು ನಡುನಡುವೆ ಆಕಾಶ ನೋಡುತ್ತಾರೆ, ಇವಳು ನೋಡುತ್ತಿರಲಿಲ್ಲ. ತಕರಾರು ಅರ್ಜಿ ಬರೆಯುವವರ ಮುಖ ಗಂಟಾಗಿರುತ್ತದೆ; ಇವಳು ಒಮ್ಮೊಮ್ಮೆ ತನ್ನಷ್ಟಕ್ಕೆ ನಗುತ್ತಿದ್ದಳು. ಕೇಳಲು ಸಂಕೋಚ. ಕೇಳದೆ ಇರಲು ಇನ್ನೂ ಕಷ್ಟ.

ಒಂದು ದಿನ ಅವಳೇ ಬಂದು, "ಕಾಕಾರ, ಆಯಿತ್ವಾರ ನಮ್ಮ ಗೆಳ್ಯಾರಿಬ್ಬರು ಬರ್ತಾರ. ನಮ್ಮನಿಯಾಗ ಜಗಾ ಸಾಲಂಗಿಲ್ಲ. ನಿಮ್ಮ ಪಡಸಾಲ್ಯಾಗ ಒಂದು ತಾಸು ಕುಂಡ್ರತೀವ್ರಿ" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸುಶೀಲಾ, "ಒಂದು ತಾಸು ಯಾಕವಾ, ಊಟಾ ಮಾಡೇ ಹೋಗ್ರಿ" ಎಂದುಬಿಟ್ಟಳು.

ಬಂದವರಲ್ಲಿ ಒಬ್ಬ ನರಗುಂದದ ಈರಣ್ಣ. ಪಂಪ್‌ಸೆಟ್ಟಿನ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಅಂಗಡಿ ಇಟ್ಟವನು. ಇನ್ನೊಬ್ಬಳು ಗಜೇಂದ್ರಗಡದ ನಾಗರತ್ನಾ. ನೇಕಾರರ ಮನೆಯವಳು, ಸೀರೆಯ ಅಂಚಿನ ನಕ್ಷೆಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವವಳು. ಒಬ್ಬಳು ಶಿಕ್ಷಕಿ, ಒಬ್ಬ ಮೋಟಾರಿನವನು, ಒಬ್ಬಳು ಸೀರೆಯವಳು. ಮೂರೂರಿನ ಮೂವರು, ಮೂರು ಕಸುಬು, ಒಂದೇ ಗುಸುಗುಸು. ಅನುಮಾನಕ್ಕೆ ಇನ್ನೇನು ಬೇಕು? ನಾನು ವೃತ್ತಪತ್ರಿಕೆ ಹಿಡಿದು ಮೂಲೆಯ ಕುರ್ಚಿಯಲ್ಲಿ ಕೂತೆ. ಇಡೀ ಹೊತ್ತು ಒಂದು ಹಾಳೆಯನ್ನೂ ತಿರುವಲಿಲ್ಲ ಎಂದು ಆಮೇಲೆ ಸುಶೀಲಾ ಹೇಳಿದಳು.

ಕಿವಿಗೆ ಬಿದ್ದದ್ದು ಇಷ್ಟು. ಕಾಗದಪತ್ರ ಬರೆಯಲು, ಲೆಕ್ಕ ಇಡಲು ಬಳಸುವ ಒಂದು ತಂತ್ರಾಂಶವಿದೆ. ಅದನ್ನು ಜಗತ್ತಿನ ನಾನಾ ದೇಶದ ಜನ ಕೂಡಿ ಮಾಡುತ್ತಾರೆ. ಯಾರು ಬೇಕಾದರೂ ಬಳಸಬಹುದು, ಒಳಗೆ ಹೇಗೆ ಕಟ್ಟಿದ್ದಾರೆಂದು ಬಿಚ್ಚಿ ನೋಡಬಹುದು, ತಿದ್ದಬಹುದು, ಇನ್ನೊಬ್ಬರಿಗೆ ಕೊಡಬಹುದು. ಈ ಮೂವರು ಸಂಜೆ ಹೊತ್ತು ಅದರ ಮಾತುಗಳನ್ನು ಕನ್ನಡಕ್ಕೆ ತರುತ್ತಾರೆ. ಈಗ ಅದರ ಹೊಸ ಆವೃತ್ತಿ ಹೊರಬರಲಿದೆ. ಅಂಥ ಹೊತ್ತಿನಲ್ಲಿ ಆಯಾ ಊರಿನವರು ತಮ್ಮ ತಮ್ಮಲ್ಲಿ ಕೂಡಿ ಸಂಭ್ರಮಿಸುವ ಪದ್ಧತಿ ಇದೆಯಂತೆ. ಎಲ್ಲಿ ಕೂಡುತ್ತೇವೆಂದು ತಿಳಿಸಿದರೆ ಅವರ ಜಾಲತಾಣದ ಭೂಪಟದಲ್ಲಿ ಆ ಊರಿನ ಮೇಲೆ ಒಂದು ಚುಕ್ಕೆ ಬೀಳುತ್ತದಂತೆ.

ಚುಕ್ಕೆ ಯಾವ ಊರಿನ ಮೇಲೆ ಬೀಳಬೇಕೆಂಬುದೇ ಮೊದಲ ಜಗಳ. ಈರಣ್ಣ ನರಗುಂದವೆಂದ, ನಾಗರತ್ನಾ ಗಜೇಂದ್ರಗಡವೆಂದಳು. ಇಬ್ಬರ ಊರಲ್ಲೂ ಗುಡ್ಡವಿದೆ, ಕೋಟೆಯಿದೆ. ಹಿಂದೆ ಸರಿಯಲು ಇಬ್ಬರಿಗೂ ಕಾರಣವಿಲ್ಲ. ಕೊನೆಗೆ ಇಬ್ಬರಿಗೂ ಸಮನಾಗಿ ತ್ರಾಸಾಗಲಿ ಎಂಬ ನ್ಯಾಯದ ಮೇಲೆ ನಡುವಿನ ರೋಣ ಗೊತ್ತಾಯಿತು.

ನನಗೆ ತಡೆಯಲಾಗಲಿಲ್ಲ. ಪತ್ರಿಕೆ ಮಡಿಸಿ ಕೇಳಿದೆ: "ಇದನ್ನ ಮಾಡಾವ್ರಿಗೆ ಪಗಾರ ಯಾರು ಕೊಡತಾರ?"

"ಕೆಲವರಿಗೆ ಅವರವರ ಕಂಪನಿ ಕೊಡತಾವ್ರಿ. ಭಾಳ ಮಂದಿಗೆ ಯಾರೂ ಕೊಡಂಗಿಲ್ಲ" ಎಂದಳು ಭಾರತಿ.

"ನಿನಗ?"

"ಇಲ್ರಿ."

"ಹಂಗಾರ ನಿನಗೇನು ಬಂತು ಇದ್ರಾಗ?"

ಭಾರತಿ ನನ್ನ ಕಡೆ ತಿರುಗಿ ಕೂತಳು. "ನಮ್ಮ ಸಾಲ್ಯಾಗ ಯಾವಗಲ್ ಊರಿನ ಹುಡುಗಿ ಒಬ್ಬಾಕಿ ಇದ್ಲು, ಕಾಕಾರ. ಭಾಳ ಶಾಣ್ಯಾ. ಕಂಪ್ಯೂಟರ್ ಮುಂದ ಕುಂಡ್ರಿಸಿದ್ರ ಕೈಕಟ್ಟಿಗೊಂಡು ಕುಂಡ್ರಾಕಿ. ಯಾಕ ಮುಟ್ಟವಲ್ಲಿ ಅಂತ ಕೇಳಿದ್ರ, 'ಅದು ನನ್ನ ಜೋಡಿ ಮಾತಾಡಂಗಿಲ್ರಿ ಟೀಚರ್' ಅಂದ್ಲು. ಅವತ್ತು ರಾತ್ರಿ ಊಟಾ ಸೇರಲಿಲ್ಲ ನನಗ. ಮರುದಿನದಿಂದ ಶುರು ಮಾಡಿದೆ. ಬೀಸೂ ಕಲ್ಲಿನ ಹಾಡು ಯಾರು ಕಟ್ಟಿದ್ರು, ಯಾರಿಗೆ ಗೊತ್ತೈತ್ರಿ? ಬೀಸಾಕ ಕುಂತಾಕಿ ತನ್ನದೊಂದು ನುಡಿ ಕೂಡಿಸಿ ಮುಂದಿನಾಕಿಗೆ ಕೊಟ್ಟು ಹೋದ್ಲು. ಇದೂ ಹಂಗರಿ."

ಸುಶೀಲಾ ಸೆರಗಿನಿಂದ ಕಣ್ಣೊರೆಸಿಕೊಂಡಳು. ನನ್ನ ಅನುಮಾನ ಮಾತ್ರ ಇನ್ನೂ ಗಟ್ಟಿಯಾಯಿತು. ಇಷ್ಟು ಒಳ್ಳೆಯ ಉತ್ತರ ಕೊಡುವವರನ್ನು ನಾನು ಬ್ಯಾಂಕಿನಲ್ಲಿ ಬಹಳ ಕಂಡಿದ್ದೇನೆ. ಭಾರತಿಯ ಮೇಲೆ ನನಗೆ ಶಂಕೆಯಿರಲಿಲ್ಲ. ಅವಳ ಹಿಂದೆ ಇರುವ, ಕಣ್ಣಿಗೆ ಕಾಣದ ಆ ಲೋಕದ ಮೇಲಿತ್ತು. ಈ ಮುಗ್ಧೆಯನ್ನು ಮುಂದೆ ಮಾಡಿಕೊಂಡು ಯಾರೋ ಏನೋ ನಡೆಸಿದ್ದಾರೆ, ಒಂದು ದಿನ ಅದು ಹೊರಬೀಳುತ್ತದೆ ಎಂದು ಮನಸ್ಸಿನಲ್ಲೇ ಒಂದು ಗಂಟು ಹಾಕಿಕೊಂಡೆ.

ಆಮಂತ್ರಣವನ್ನು ನಾಗರತ್ನಾ ಚಂದವಾಗಿ ಬರೆದಳು. ಸುತ್ತ ಸೀರೆಯಂಚಿನ ನಕ್ಷೆ, ನಡುವೆ ದಪ್ಪ ಅಕ್ಷರ: "ಮುಕ್ತ ತಂತ್ರಾಂಶದ ಬಿಡುಗಡೆ ಸಂಭ್ರಮ. ಎಲ್ಲರೂ ಬನ್ನಿ. ಉಪಾಹಾರವಿದೆ." ಫೋನಿನಿಂದ ಫೋನಿಗೆ ಅದು ಹಾರಿತು. ಅದರೊಂದಿಗೆ ಅನರ್ಥವೂ ಹಾರಿತು.

ಪದಗಳು ಪುಸ್ತಕದಲ್ಲಿ ಒಂದು ಅರ್ಥ ಹೇಳುತ್ತವೆ, ಚಹಾದಂಗಡಿಯಲ್ಲಿ ಇನ್ನೊಂದು. ಪುಸ್ತಕ ಬಿಡುಗಡೆ ನಮ್ಮ ಕಡೆ ಅಪರೂಪ. ಬಿಡುಗಡೆ ಎಂದರೆ ಜೈಲಿನಿಂದ ಆಗುವುದು. ಮರುದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನನ್ನು ಕಂಡದ್ದೇ ತಡ ಒಬ್ಬರು, "ಸಾಹೇಬ್ರ, ಯಾರು ಬಿಡುಗಡಿ ಆಗ್ಯಾರಂತ್ರಿ?" ಎಂದು ಕೇಳಿದರು. ನಾನು ಬರೀ ಆಫೀಸರಾಗಿದ್ದವನು. ಆದರೂ ಊರು ನನ್ನನ್ನು ಸಾಹೇಬರೆನ್ನುತ್ತದೆ. ತಂತ್ರಾಂಶದ ಬಿಡುಗಡೆ ಎಂದು ತಿದ್ದಲು ಹೋದೆ, ಇನ್ನೂ ಕೆಟ್ಟಿತು. ತಂತ್ರ ಎಂದರೆ ಮಾಟ. ಸುದ್ದಿ ಹತ್ತಿರದ ಹಳ್ಳಿ ಜಕ್ಕಲಿಯನ್ನು ಮುಟ್ಟುವಷ್ಟರಲ್ಲಿ ಯಾವನೋ ಮಾಂತ್ರಿಕ ಶಿಕ್ಷೆ ಮುಗಿಸಿ ಹೊರಬಂದಿದ್ದ. ಲಕ್ಕಲಕಟ್ಟಿಗೆ ಹೋದಾಗ ಅವನಿಗೆ ಶಿಷ್ಯರೂ ಹುಟ್ಟಿಕೊಂಡಿದ್ದರು. ತಿಳಿದವರು ಮಾತ್ರ ಇದನ್ನೆಲ್ಲ ನಂಬಲಿಲ್ಲ. "ಮಾಟಾನೂ ಇಲ್ಲ, ಮಂತ್ರಾನೂ ಇಲ್ಲ. ಇದು ಚೈನ್ ಕಂಪನಿ. ಮೊದಲ ಪುಕ್ಕಟೆ ಅಂತಾರ, ಆಮ್ಯಾಲೆ ನಾಕು ಮಂದೀನ್ನ ಕರಕೊಂಬಾ ಅಂತಾರ" ಎಂದು ಅವರು ಸುಶಿಕ್ಷಿತ ಅನುಮಾನವನ್ನು ಹಬ್ಬಿಸಿದರು. ಬಿಟ್ಟಿ ಸಿಕ್ಕರೆ ನನಗೂ ಇರಲಿ ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಕಟ್ಟಿದ ನಾಡು ನಮ್ಮದು. ಅದೇ ನಾಡು ಬಿಟ್ಟಿಯನ್ನು ಕಂಡು ಇಷ್ಟು ಹೆದರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಷ್ಟರಲ್ಲಿ ಪರದೇಶದಿಂದ ಭಾರತಿಯ ಹೆಸರಿಗೆ ಒಂದು ಪಾರ್ಸಲ್ ಬಂತು. ಅಂಚೆಯಣ್ಣ ಅದನ್ನು ಓಣಿಯ ಪ್ರತಿ ಮನೆಗೂ ತೋರಿಸಿ, ಕಡೆಗೆ ಅವಳ ಮನೆಗೆ ಮುಟ್ಟಿಸಿದ. ಒಳಗಿದ್ದದ್ದು ಆ ತಂತ್ರಾಂಶದವರು ಕಳಿಸಿದ, ಅಂಟಿಸುವ ಬಣ್ಣದ ಚೀಟಿಗಳು, ಅವುಗಳ ಮೇಲೆ ಒಂದು ಹಕ್ಕಿ. ಹಕ್ಕಿ ಯಾವ ಪಕ್ಷದ ಗುರುತು ಎಂಬ ಬಗ್ಗೆ ಕಟ್ಟೆಯ ಮೇಲೆ ಚರ್ಚೆಯಾಯಿತು. ಸಂಜೆ ಒಬ್ಬ ಪೇದೆ ಮೋಟಾರ್‌ಸೈಕಲ್ ನಿಲ್ಲಿಸಿ ಬಹಳ ಸಭ್ಯವಾಗಿ ವಿಚಾರಿಸಿದ. ಎಲ್ಲ ಕೇಳಿಕೊಂಡು, "ಹಂಗಾರ ಯಾರೂ ಹೊರಗ ಬಂದಿಲ್ಲ?" ಎಂದು ಇನ್ನೊಮ್ಮೆ ಖಾತ್ರಿ ಮಾಡಿಕೊಂಡು, ಮಗನ ಫೋನಿಗೆ ಅಂಟಿಸಲು ಎರಡು ಹಕ್ಕಿ ಇಸಿದುಕೊಂಡು ಹೋದ.

ನಾಗರತ್ನಾ ಗಜೇಂದ್ರಗಡದ ಬೇಕರಿಯೊಂದರಲ್ಲಿ ಕೇಕು ಹೇಳಲು ಹೋಗಿ ಪಟ್ಟ ಪಾಡನ್ನು ಅವಳ ಬಾಯಲ್ಲೇ ಕೇಳಬೇಕು. ಬೇಕರಿಯವನು ಹೆಸರೇನು ಬರೆಯಲಿ ಎಂದು ಕೇಳಿದನಂತೆ. ಅವಳು ತಂತ್ರಾಂಶದ ಹೆಸರು ಹೇಳಿದಳು. "ಎಷ್ಟನೇದ್ದು?" ಎಂದ. "ಒಂಬತ್ತು ಪಾಯಿಂಟ್ ನಾಕು" ಎಂದು ಆವೃತ್ತಿಯ ಸಂಖ್ಯೆ ಹೇಳಿದಳು. ಅವನು ತಲೆಯೆತ್ತಿ ನೋಡಿ, "ಒಂಬತ್ತು ವರ್ಷ ನಾಕು ತಿಂಗಳಾ? ತಂಗೀ, ವರ್ಷ ತುಂಬಿದ ದಿನಾ ಮಾಡ್ರಿ, ನಡುವ ಮಾಡಿದ್ರ ಕೂಸಿಗೆ ಚಲೋ ಅಲ್ಲ" ಎಂದು ಬುದ್ಧಿ ಹೇಳಿ ಕಳಿಸಿದನಂತೆ.

ನಕ್ಕದ್ದು ಅಷ್ಟಕ್ಕೇ ಮುಗಿಯಿತು. ಕೂಟಕ್ಕೆ ಎರಡು ದಿನವಿರುವಾಗ ಭಾರತಿ ಶಾಲೆಯಿಂದ ನೇರ ನಮ್ಮ ಮನೆಗೆ ಬಂದಳು. ಹೆಗಲ ಚೀಲವನ್ನೂ ಇಳಿಸಲಿಲ್ಲ. ಕೂಟಕ್ಕೆಂದು ಕೇಳಿಟ್ಟಿದ್ದ ಸಮುದಾಯ ಭವನ ಕೊಡುವುದಿಲ್ಲವೆಂದು ಹೇಳಿಕಳಿಸಿದ್ದರು. ಶಾಲೆಯಲ್ಲಿ ಇಬ್ಬರು ಪಾಲಕರು ಬಂದು ಹೆಡ್‌ಮಾಸ್ತರರ ಮುಂದೆ ತಕರಾರು ಮಾಡಿದ್ದರು. ಹೆಡ್‌ಮಾಸ್ತರರು ಒಳ್ಳೆಯವರು, ಆದರೂ ಸ್ವಲ್ಪ ದಿನ ತಡೆಯಿರಿ ಎಂದಿದ್ದರು.

"ಬ್ಯಾಡ ಬಿಡ್ರಿ ಕಾಕಾರ" ಎಂದಳು. "ಭವನ ಕೊಡದಿದ್ರ ಹೋಗಲಿ. ಆದ್ರ ನಾನು ಕಲಿಸಿದ ಹುಡುಗಿ ತಾಯಿ ನನ್ನ ಮುಖಾ ನೋಡಿ, 'ಟೀಚರ್, ನೀವರ ಇಂತಾದ್ರಾಗ ಬೀಳಬಾರದಿತ್ರಿ' ಅಂದ್ಲರಿ. ನಾ ಏನ್ರಿ ಮಾಡೇನಿ?"

ಆ ತಾಯಿ ಅಂದದ್ದನ್ನೇ ನಾನೂ ಅಂದುಕೊಂಡಿದ್ದೆನಲ್ಲ. ಆದರೆ ಅದೇ ಅನುಮಾನ ಬೇರೆಯವರ ಬಾಯಿಂದ ಹೊರಟು ಅವಳ ಮುಖದ ಮೇಲೆ ಬಂದು ಕೂತದ್ದನ್ನು ನೋಡಿದಾಗ ಅದು ನನ್ನದಲ್ಲವೆನಿಸಿತು. ನನ್ನ ಅನುಮಾನಕ್ಕೆ ಒಂದು ಶಿಸ್ತಿದೆ. ಅದು ಕೇಳುತ್ತದೆ, ಹುಡುಕುತ್ತದೆ, ಸಿಗದಿದ್ದರೆ ಮತ್ತೆ ಹುಡುಕುತ್ತದೆ. ಇವರದು ಒಂದನ್ನೂ ಕೇಳಿರಲಿಲ್ಲ, ತೀರ್ಪು ಕೊಟ್ಟುಬಿಟ್ಟಿತ್ತು.

ಸುಶೀಲಾ ಅವಳ ಹೆಗಲಿಂದ ಚೀಲ ಇಳಿಸುತ್ತ ನನ್ನ ಕಡೆ ತಿರುಗಿದಳು. "ಇಡೀ ಊರಾಗ ಎಲ್ಲಾರ ಮ್ಯಾಲೂ ಸಂಶೇ ಪಡಾವ್ರು ನೀವು. ಇವತ್ತರ ಆ ಸಂಶೇಕ್ಕ ಒಂದು ಕೆಲಸಾ ಕೊಡ್ರಿ."

ಚಪ್ಪಲಿ ಮೆಟ್ಟಿ ಹೊರಟೆ. ಭವನದ ಹಿರಿಯ ವಿಶ್ವಸ್ತರು ಬಸಲಿಂಗಪ್ಪನವರು, ಉಳ್ಳಾಗಡ್ಡಿ ವ್ಯಾಪಾರಿಗಳು. ಅಂಗಡಿಯಲ್ಲಿ ಈರುಳ್ಳಿ ಚೀಲಗಳ ನಡುವೆ ಕೂತಿದ್ದರು. ನಾನು ಬಂದ ಕಾರಣ ಹೇಳುವ ಮೊದಲೇ ಅವರಿಗೆ ಗೊತ್ತಿತ್ತು.

"ಸಾಹೇಬ್ರ, ನೀವು ಮಂದೀನ್ನ ನಂಬೂ ಪೈಕಿ ಅಲ್ಲ" ಎಂದರು. "ಬ್ಯಾಂಕಿನ್ಯಾಗ ನಾನ ಖುದ್ದು ಮುಂದ ನಿಂತಾಗ ನನ್ನ ಸಹಿ ಮತ್ತ ಮತ್ತ ಮಾಡಿಸಿದವ್ರು ನೀವು. ಖರೇ ಹೇಳ್ರಿ. ಇದ್ರಾಗ ಏನೂ ಇಲ್ಲೇನು?"

ಇದು ಕಷ್ಟದ ಗಳಿಗೆ. 'ಏನೂ ಇಲ್ಲ, ನಾನು ನಂಬಿದ್ದೇನೆ' ಎಂದರೆ ಕೆಲಸವಾಗುತ್ತಿತ್ತು, ಆದರೆ ಅದು ಸುಳ್ಳು. 'ನಂಬಿಲ್ಲ' ಎಂದರೆ ಭಾರತಿಯ ಮಾನ ಹೋಗುತ್ತಿತ್ತು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ. "ನನಗ ಸಂಶೇ ಇನ್ನೂ ಐತ್ರಿ, ಬಸಲಿಂಗಪ್ಪನಾರ. ಆದ್ರ ಇಷ್ಟು ದಿನಾ ಹುಡುಕೇನಿ, ಏನೂ ಸಿಕ್ಕಿಲ್ಲ."

ಅವರು ಒಂದು ಉಳ್ಳಾಗಡ್ಡಿ ಎತ್ತಿ, ಸಿಪ್ಪೆ ಸವರಿ, ಮತ್ತೆ ಚೀಲಕ್ಕೆ ಹಾಕಿದರು. "ನಿಮಗ ಸಿಕ್ಕಿಲ್ಲಾಂದ್ರ..." ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಆಮೇಲೆ ಕೀಲಿಕೈ ತೆಗೆದು ಕೊಟ್ಟರು. "ಒಂದು ಶರತ್ತು. ನಾನು ಮುಂದಿನ ಸಾಲಿನ್ಯಾಗ ಕುಂಡ್ರಾವ. ನೀವು ನನ್ನ ಬಾಜೂಕ. ಯಾವನರ ಎದ್ದು ಸಹಿ ಮಾಡ್ರಿ, ಹೆಬ್ಬಟ್ಟು ಒತ್ರಿ ಅಂದ್ನೋ, ಅಲ್ಲೇ ಬಾಗಲಾ ಹಾಕ್ತೇನಿ. ಇದಕ್ಕ ನೀವು ಜಾಮೀನು."

ಜೀವಮಾನದಲ್ಲಿ ಒಬ್ಬರಿಗೂ ಜಾಮೀನು ನಿಲ್ಲದವನು ನಾನು. ಕೀಲಿಕೈ ಕಿಸೆಯಲ್ಲಿದೆಯೇ ಎಂದು ಮತ್ತೆ ಮತ್ತೆ ಮುಟ್ಟಿ ನೋಡುತ್ತ ಮನೆಗೆ ನಡೆದೆ. ಚಹಾದಂಗಡಿಯ ಮುಂದೆ ಸುದ್ದಿ ನನಗಿಂತ ಮೊದಲು ಮುಟ್ಟಿತ್ತು. "ಜಾಮೀನು ಸಾಹೇಬ್ರು ನಿಂತಾರಂತ" ಎಂದು ಯಾರೋ ಅಂದರು. ಬಿಡುಗಡೆಯೆಂದ ಮೇಲೆ ಜಾಮೀನಿಗೂ ಒಬ್ಬರು ಬೇಕಲ್ಲ. ಊರಿನ ಕತೆ ಈಗ ಸಾಂಗವಾಯಿತು.

ಕೂಟದ ದಿನ, ಭಾನುವಾರ ಮಧ್ಯಾಹ್ನ, ಭವನ ತುಂಬಿತು. ನಂಬಿಕೆಯಿಂದ ಕರೆದರೆ ಇಷ್ಟು ಜನ ಬರುತ್ತಿರಲಿಲ್ಲ. ಅನುಮಾನದಷ್ಟು ಒಳ್ಳೆಯ ಆಮಂತ್ರಣ ಪತ್ರಿಕೆ ಇನ್ನೊಂದಿಲ್ಲ. ಆದರೆ ಎಲ್ಲರೂ ಬಾಗಿಲ ಹತ್ತಿರದ ಕುರ್ಚಿಗಳನ್ನೇ ಹಿಡಿದಿದ್ದರು. ಹೆಂಗಸರು ಮಕ್ಕಳ ಕೈ ಬಿಟ್ಟಿರಲಿಲ್ಲ. ಮುಂದಿನ ಸಾಲಿನಲ್ಲಿ ಬಸಲಿಂಗಪ್ಪನವರು, ಅವರ ಮಗ್ಗುಲಲ್ಲಿ ನಾನು, ಆರೋಪಿಯಂತೆ.

ಈರಣ್ಣ ಬಿಳಿ ಪಂಚೆಯನ್ನು ಗೋಡೆಗೆ ಬಿಗಿದು ಪರದೆ ಮಾಡಿದ. ಭಾರತಿ ಮೊದಮೊದಲು ತಡವರಿಸಿದಳು, ಆಮೇಲೆ ತರಗತಿಯ ದನಿ ಬಂತು. ಕನ್ನಡದಲ್ಲಿ ಪತ್ರ ಬರೆದು ತೋರಿಸಿದಳು. ನಾಗರತ್ನಾ ಸೀರೆಯ ಅಂಚೊಂದನ್ನು ಪರದೆಯ ಮೇಲೆ ಬಿಡಿಸಿ, ಬಣ್ಣ ಬದಲಿಸಿ ತೋರಿಸಿದಾಗ ಹೆಂಗಸರ ಕಡೆಯಿಂದ ಮೊದಲ ಸಲ ಮಾತು ಕೇಳಿಬಂತು. "ಆ ಕೆಂಪು ಬ್ಯಾಡವಾ, ಮೊದಲಿಂದ ಚಲೋ ಇತ್ತು." ಗಿರಮಿಟ್ಟು, ಮಿರ್ಚಿ ಭಜಿ ಬಂದವು. ಕೇಕೂ ಬಂತು, ಬೇಕರಿಯವನು ಕೊನೆಗೆ ಮನಸ್ಸು ಕರಗಿ 'ಒಂಬತ್ತು' ಎಂದಷ್ಟೇ ಬರೆದು, ನಾಲ್ಕು ತಿಂಗಳನ್ನು ಮಾಫಿ ಮಾಡಿದ್ದ.

ಆ ಹೊತ್ತಿಡೀ ಎಲ್ಲರೂ ಒಂದನ್ನು ಕಾಯುತ್ತಿದ್ದರು. ನಾನೂ ಕಾಯುತ್ತಿದ್ದೆ. ಈಗ ಹೇಳುತ್ತಾರೆ, ಇನ್ನೊಂದು ಗಳಿಗೆಗೆ ಹೇಳುತ್ತಾರೆ. ಕಾಗದ ಹಂಚುತ್ತಾರೆ, ಫೋನ್ ನಂಬರ್ ಕೇಳುತ್ತಾರೆ, ಬೆರಳು ಒತ್ತೆನ್ನುತ್ತಾರೆ. ಈರಣ್ಣ ಚೀಲಕ್ಕೆ ಕೈ ಹಾಕಿದಾಗ ಬಸಲಿಂಗಪ್ಪನವರು ಅರ್ಧ ಎದ್ದರು. ಅವನು ತೆಗೆದದ್ದು ಬೆವರೊರೆಸುವ ಟವೆಲ್ಲು.

ಭಾರತಿ ಕೈಮುಗಿದು, "ಎಲ್ಲಾರೂ ಬಂದ್ರಿ, ಭಾಳ ಖುಷಿ ಆತ್ರಿ. ಇಲ್ಲಿಗೆ ಮುಗೀತು" ಎಂದಳು.

ಯಾರೂ ಏಳಲಿಲ್ಲ.

ಅವಳು ಮತ್ತೊಮ್ಮೆ, "ಮುಗೀತ್ರಿ" ಎಂದಳು. ಕುರ್ಚಿಗಳು ಕಿರುಗುಟ್ಟಿದವೇ ಹೊರತು ಜನ ಕದಲಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಜಕ್ಕಲಿಯಿಂದ ಮೊಮ್ಮಗಳ ಜೊತೆ ಬಂದಿದ್ದ ನೀಲವ್ವ ಎಂಬ ಮುದುಕಿ ಎದ್ದು ನಿಂತಳು. "ಏನವ್ವಾ ಇದು? ಕರದ್ರಿ, ಬಂದ್ವಿ. ಉಣ್ಣಾಕ ಕೊಟ್ರಿ, ಉಂಡ್ವಿ. ಈಗ ಏನೂ ಕೇಳದ ಹೋಗ್ರಿ ಅಂದ್ರ ಹ್ಯಾಂಗ? ಏನರ ಕೇಳು ನನ್ನ ತಾಯಿ. ನಾವು ಇಲ್ಲ ಅನ್ನೂದರ ಅಂದು ಮನೀಗೆ ಹೋಗ್ತೀವಿ."

ಭವನವೆಲ್ಲ ಗೊಳ್ಳೆಂದು ನಕ್ಕಿತು. ನಗುತ್ತಲೇ ಹೌದು ಹೌದೆಂದು ತಲೆಯಾಡಿಸಿತು. ಭಾರತಿ ನಕ್ಕು ನಕ್ಕು ಕಣ್ಣಲ್ಲಿ ನೀರು ತಂದುಕೊಂಡಳು. ಎರಡು ದಿನದ ಹಿಂದಿನ ನೀರೂ ಅದರಲ್ಲಿ ಸೇರಿತ್ತೆಂದು ನನಗನ್ನಿಸಿತು. ಆಮೇಲೆ ಹೇಳಿದಳು, "ಆತು ಅಜ್ಜಿ, ಕೇಳ್ತೇನಿ. ನನಗ ಒಂದು ಪದಾ ಬೇಕಾಗೈತಿ."

ಕಂಪ್ಯೂಟರಿನಲ್ಲಿ ಒಂದು ಗುಂಡಿಯಿದೆ. ಈಗತಾನೇ ಮಾಡಿದ್ದು ತಪ್ಪಾದರೆ ಅದನ್ನು ಒತ್ತಿದರಾಯಿತು, ಮಾಡಲೇ ಇಲ್ಲವೆಂಬಂತೆ ಹಿಂದಿನ ಸ್ಥಿತಿಗೆ ಹೋಗುತ್ತದೆ. ಅದಕ್ಕೆ 'ರದ್ದುಗೊಳಿಸು' ಎಂದು ಹಾಕಿದ್ದಾರೆ. ಮಕ್ಕಳು ಅದನ್ನು ಓದಿ ಬರೆದದ್ದೆಲ್ಲ ಅಳಿಸಿಹೋದೀತೆಂದು ಹೆದರಿ ಮುಟ್ಟುವುದಿಲ್ಲ. ನಿಮ್ಮ ಮನೆಯಲ್ಲಿ, ಕೆಲಸದಲ್ಲಿ ಹೀಗೆ ಮಾಡುವುದಕ್ಕೆ ಏನಂತೀರಿ ಎಂದು ಕೇಳಿದಳು.

ಮೊದಲಿಗೆ ಬಸಲಿಂಗಪ್ಪನವರು ಗಂಟಲು ಸರಿಮಾಡಿಕೊಂಡು, "ನಮ್ಮ ದಂಧೇದಾಗ ಹಿಂದಕ್ಕ ತಗೊ ಅಂತೀವಿ. ಮಾತೂ ಅಷ್ಟ, ಮಾಲೂ ಅಷ್ಟ" ಎಂದರು. ನೀಲವ್ವ, "ಹೆರಳು ಸರೀ ಬರದಿದ್ರ ಬಿಚ್ಚು ಅಂತೀವ್ವಾ" ಎಂದಳು. ಸಾಲೆಯ ಕಂಪ್ಯೂಟರಿನ ಮೇಲೆ ಬಿಚ್ಚು ಎಂದು ಬರೆಯುವುದು ಸಭ್ಯವಲ್ಲ ಎಂದು ಹಿಂದಿನಿಂದ ಒಬ್ಬರು ಆಕ್ಷೇಪಿಸಿದರು. ನಾಗರತ್ನಾ, ಮಗ್ಗದಲ್ಲಿ ನೂಲು ಬಿಚ್ಚುವುದಕ್ಕೆ 'ಉಚ್ಚು' ಎನ್ನುತ್ತೇವೆ ಎಂದಾಗ ಹುಡುಗರು ಮುಸಿಮುಸಿ ನಕ್ಕು ಬೈಸಿಕೊಂಡರು. ಈರಣ್ಣ 'ಸುತ್ತು ಬಿಡಿಸು' ಎಂದ. ಸುಶೀಲಾ 'ಮರಳಿಸು' ಎಂದಳು. ಬಾಯಿ ಬಿಡಬಾರದೆಂದು ಪಣ ತೊಟ್ಟು ಕೂತಿದ್ದ ನನ್ನ ಕಿವಿಗೆ ನನ್ನದೇ ದನಿ ಕೇಳಿಸಿತು: "ಹಿಂತೆಗೆ! ಶುದ್ಧ ಕನ್ನಡ." ಬಸಲಿಂಗಪ್ಪನವರು ತಿರುಗಿ, "ಸಾಹೇಬ್ರ, ಅದು ಬ್ಯಾಂಕಿನ್ಯಾಗ ರೊಕ್ಕಾ ತಗ್ಯೂದಕ್ಕ ಅಂತಾರ" ಎಂದರು. ನನ್ನ ಪದ ಅಲ್ಲೇ ಸತ್ತಿತು.

ಬಾಗಿಲ ಬಳಿಯವರು ಯಾವಾಗ ಮುಂದಕ್ಕೆ ಬಂದು ಕೂತರೋ ನೋಡಲಿಲ್ಲ. ಜಗಳ ಕಾವೇರಿತು. ಅವರವರ ಪದವನ್ನು ಅವರವರೇ ತಂತ್ರಾಂಶದ ಜಾಲತಾಣದಲ್ಲಿ ಖಾತೆ ತೆರೆದು ಬರೆಯಬಹುದು ಎಂದು ಭಾರತಿ ಹೇಳಿದ್ದೇ ತಡ, ಫೋನುಗಳು ಹೊರಬಂದವು. ಯಾರಿಗೂ ನಂಬರ್ ಕೊಡುವುದಿಲ್ಲವೆಂದು ಬಂದವರು ಖಾತೆ ತೆರೆಯಲು ಸಾಲುಗಟ್ಟಿದರು. ನಾನೂ ತೆರೆದೆ. 'ಹಿಂತೆಗೆ' ಅಷ್ಟು ಸುಲಭಕ್ಕೆ ಸಾಯಬಾರದಲ್ಲ.

ಮರುದಿನ ಸಂಜೆ ಭಾರತಿ ಲ್ಯಾಪ್‌ಟಾಪ್ ಹಿಡಿದು ಬಂದಳು. ಮುಖ ಸಪ್ಪಗಿತ್ತು. ನಮ್ಮೆಲ್ಲರ ಖಾತೆಗಳನ್ನು ತಡೆಹಿಡಿದಿದ್ದರು. ಯಾವುದೋ ದೂರದ ದೇಶದಲ್ಲಿ ಕೂತು ಇದನ್ನೆಲ್ಲ ನೋಡಿಕೊಳ್ಳುವ ಒಬ್ಬ ಮನುಷ್ಯ ಬರೆದಿದ್ದ: ಒಂದೇ ಮಧ್ಯಾಹ್ನ, ಒಂದೇ ಸಣ್ಣ ಊರಿನಿಂದ, ಇಷ್ಟೊಂದು ಹೊಸಬರು, ಎಲ್ಲರೂ ಒಂದೇ ಗುಂಡಿಯ ಹೆಸರಿನ ಮೇಲೆ ಬಿದ್ದಿದ್ದಾರೆ. ಇದು ಕಿಡಿಗೇಡಿಗಳ ಕೆಲಸದಂತೆ ಕಾಣುತ್ತದೆ. ನೀವು ನಿಜವಾದ ಮನುಷ್ಯರೇ ಆಗಿದ್ದರೆ ದಯವಿಟ್ಟು ತಿಳಿಸಿ.

ಭಾರತಿಗೆ ಅವಮಾನವಾಗಿತ್ತು. "ಊರ ಮಂದಿ ನನ್ನ ನಂಬಲಿಲ್ಲ. ಈಗ ಇವ್ರೂ ನಂಬವಲ್ರು ನೋಡ್ರಿ" ಎಂದಳು.

ನನಗೆ ಮಾತ್ರ ಎದೆ ಹಗುರಾಯಿತು. ಇಷ್ಟು ದಿನ ಹುಡುಕುತ್ತಿದ್ದದ್ದು ಸಿಕ್ಕಿತ್ತು. ಎಲ್ಲರಿಗೂ ಎಲ್ಲವನ್ನೂ ಕೊಡುವ, ಯಾರನ್ನೂ ಏನೂ ಕೇಳದ ಆ ಲೋಕದಲ್ಲೂ ಬಾಗಿಲಲ್ಲಿ ಒಬ್ಬ ಕೂತಿದ್ದಾನೆ! ನಮ್ಮ ಕಡೆ ಹೊಸಬರು ಊರಿಗೆ ಬಂದರೆ ಮೊದಲ ಪ್ರಶ್ನೆ, "ಯಾವೂರಾವ್ರು? ಯಾರ ಪೈಕಿ?" ಕೇಳುವವರ ದನಿ ಒರಟಾಗಿರುತ್ತದೆ, ಕಣ್ಣು ಕಿರಿದಾಗಿರುತ್ತದೆ. ಉತ್ತರ ಕೊಟ್ಟ ಮೇಲೆ ಅದೇ ಮನುಷ್ಯ ಕೈಕಾಲಿಗೆ ನೀರು ಕೊಡುತ್ತಾನೆ. ಕೇಳದೆ ಒಳಗೆ ಬಿಟ್ಟುಕೊಳ್ಳುವ ಮನೆ ಧರ್ಮಶಾಲೆ. ಕೇಳಿ ಬಿಟ್ಟುಕೊಳ್ಳುವುದು ಸಂಸಾರಸ್ಥರ ಮನೆ. ಭಾರತಿಯ ಬೆನ್ನ ಹಿಂದಿನ ಆ ಕಾಣದ ಜನ ಸಂಸಾರಸ್ಥರು ಎಂದು ನನಗೆ ಅಂದು ಖಾತ್ರಿಯಾಯಿತು.

ಉತ್ತರ ನಾನೇ ಬರೆದೆ, ಅವಳು ಇಂಗ್ಲಿಷಿಗೆ ಮಾಡಿದಳು. "ಮಹನೀಯರೇ, ನೀವು ಅನುಮಾನಿಸಿದ್ದು ಸರಿ. ನಿಮ್ಮ ಜಾಗದಲ್ಲಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ. ಆದರೆ ಬಂದ ಪದಗಳನ್ನು ಒಮ್ಮೆ ನೋಡಿ. ಸುಳ್ಳು ಮಂದಿಯಾಗಿದ್ದರೆ ಎಲ್ಲರೂ ಒಂದೇ ಪದ ಹೇಳುತ್ತಿದ್ದೆವು. ನಾವು ನಿಜವಾಗಿಯೂ ಇದ್ದೇವೆ, ಅದಕ್ಕೇ ಜಗಳವಾಡುತ್ತಿದ್ದೇವೆ."

ಎರಡು ದಿನಕ್ಕೆ ತಡೆ ತೆರವಾಯಿತು. ಆ ಮನುಷ್ಯ ಕ್ಷಮೆ ಕೇಳಿದ್ದ. ಮುಂದೆ ವಾದ ಪ್ರತಿವಾದಗಳು ನಡೆದು, ಮತಗಳು ಬಿದ್ದು, 'ಹಿಂದಕ್ಕೆ ತಗೊ' ನಿಂತಿತು. ಬಸಲಿಂಗಪ್ಪನವರು ಅಂಗಡಿಗೆ ಬಂದವರಿಗೆಲ್ಲ ಅದನ್ನು ತೋರಿಸುತ್ತಾರೆ. ಭವನವನ್ನು ಮುಂದಿನ ಸಲಕ್ಕೂ ಈಗಲೇ ಹಿಡಿದಿಟ್ಟಿದ್ದಾರೆ. ಭಾರತಿಗೆ 'ನೀವರ ಇಂತಾದ್ರಾಗ' ಎಂದಿದ್ದ ತಾಯಿ ತಾನೇ ಬಂದು, ಮಗಳಿಗೂ ಇದನ್ನು ಕಲಿಸಿರೆಂದು ಕೇಳಿದಳಂತೆ. 'ಹಿಂತೆಗೆ'ಗೆ ಒಂದೇ ಮತ ಬಿತ್ತು, ಅದು ನನ್ನದು. ಸುಶೀಲಾಳದು ಎಲ್ಲಿಗೆ ಹೋಯಿತೆಂದು ನಾನು ಕೇಳಿಲ್ಲ.

ಆ ಪರದೇಶದವನ ಪತ್ರದ ಕೊನೆಗೆ ಇನ್ನೊಂದು ಮಾತಿತ್ತು. ನಿಮ್ಮಂಥವರು ನಮಗೆ ಬೇಕು, ಕನ್ನಡಕ್ಕೆ ಹೊಸದಾಗಿ ಬರುವ ಪದಗಳನ್ನು ಪರೀಕ್ಷಿಸಿ ಒಳಗೆ ಬಿಡುವ ಕೆಲಸ ನೋಡಿಕೊಳ್ಳುವಿರಾ ಎಂದು. ಒಪ್ಪಿಕೊಂಡೆ. ಈಗ ದಿನಾ ಬೆಳಿಗ್ಗೆ ಸ್ನಾನ ಮುಗಿಸಿ, ಕನ್ನಡಕ ಏರಿಸಿ, ಪರದೆಯ ಮುಂದೆ ಕೂತು ಒಂದೊಂದು ಪದವನ್ನೂ ಯಾವೂರು, ಯಾರ ಪೈಕಿ ಎಂದು ವಿಚಾರಿಸುತ್ತೇನೆ. ಮೊನ್ನೆ ಅವಲಕ್ಕಿ ಆರಿಹೋದರೂ ಏಳಲಿಲ್ಲ. ಸುಶೀಲಾ ಬಾಗಿಲಿಗೆ ಒರಗಿ ಬಹಳ ಹೊತ್ತು ನೋಡಿ, "ಇಷ್ಟೆಲ್ಲಾ ಮಾಡ್ತೀರಿ, ನಿಮಗೇನು ಸಿಗತೈತಿ?" ಎಂದಳು.

"ಏನೂ ಇಲ್ಲ" ಎಂದೆ.

ಯಾರನ್ನಾದರೂ ನಂಬುವ ನನ್ನ ಹೆಂಡತಿ ಕಣ್ಣು ಕಿರಿದು ಮಾಡಿ, ನನ್ನನ್ನೊಮ್ಮೆ ಪರದೆಯನ್ನೊಮ್ಮೆ ನೋಡಿದಳು. ಏನೂ ಸಿಗದೆ ಈ ಮನುಷ್ಯ ಹೀಗೆ ಕೂರುವವನಲ್ಲ ಎಂಬ ನೋಟ. ನಾನು ಸಮಜಾಯಿಷಿ ಕೊಡಲು ಹೋಗಲಿಲ್ಲ. ಇರಲಿ. ಒಳ್ಳೆಯ ಕೆಲಸಕ್ಕೂ ಅಷ್ಟು ಕಾವಲು ಬೇಕು.